ಮಗುವಿನ ಮೂತ್ರನಾಳದ ಆಪರೇಷನ್ ಆದ ಮೇಲೆ ಸ್ಟೆಂಟ್ ಯಾಕೆ ಬಿಡುತ್ತಾರೆ?

ಸ್ಟೆಂಟ್ ಅಂದರೆ ಒಂದು ತೆಳು ನಳಿಕೆ. ಹೊಲಿಗೆ ಮಾಯುವ ತನಕ ಮೂತ್ರ ಸೋರದೆ, ಕಟ್ಟಿಕೊಳ್ಳದೆ ಹರಿಯಲಿ ಅಂತ ಅದನ್ನು ಬಿಡುತ್ತಾರೆ. ಸ್ಟೆಂಟ್ ದಾರಿಯನ್ನು ಅಗಲ ಮಾಡುವುದಿಲ್ಲ. ಆ ಕೆಲಸ ಆಪರೇಷನ್‌ನಲ್ಲೇ ಮುಗಿದಿರುತ್ತದೆ.

ನಿಮ್ಮ 4 ತಿಂಗಳ ಮಗುವಿಗೆ ಆಗಿರುವುದು ಪೈಲೋಪ್ಲಾಸ್ಟಿ. ಕಿಡ್ನಿಯಿಂದ ಮೂತ್ರನಾಳ ಶುರುವಾಗುವ ಕಡೆ ಕಿರಿದಾದ ಭಾಗ ಕತ್ತರಿಸಿ, ಚೆನ್ನಾಗಿರುವ ಎರಡು ತುದಿಗಳನ್ನು ಜೋಡಿಸುತ್ತಾರೆ. ಹಸಿ ಹೊಲಿಗೆ ಕೆಲವು ದಿನ ಊದಿಕೊಳ್ಳುತ್ತದೆ. ಎಳೆ ಮಗುವಿನ ನಾಳ ಕೆಲವೇ ಮಿಲಿಮೀಟರ್ ಅಗಲ, ಸ್ವಲ್ಪ ಊದಿದರೂ ದಾರಿ ಮುಚ್ಚಬಹುದು. ನೀವು ಶಿರಸಿಯವರು, ತೋಟ ನೋಡಿದವರು. ಒಡ್ಡಿನ ಹಸಿ ಮಣ್ಣು ಗಟ್ಟಿಯಾಗುವ ತನಕ ನೀರನ್ನು ಅಡಿಕೆ ದಬ್ಬೆಯಲ್ಲಿ ದಾಟಿಸುತ್ತೇವಲ್ಲ, ಹಾಗೇ ಇದು.

ಹೊರಗೆ ಕಾಣುವ ನಳಿಕೆ ನೋಡಿ ಹೆದರಿದ್ದೀರಿ, ಅಲ್ವಾ? ಅದಕ್ಕೊಂದು ಅನುಕೂಲ ಇದೆ. ಸಾಮಾನ್ಯವಾಗಿ 1–2 ವಾರದಲ್ಲಿ, ಅರಿವಳಿಕೆ ಇಲ್ಲದೆ ಎಳೆದು ತೆಗೆಯುತ್ತಾರೆ. ಮಗು ಕೈಹಾಕದಂತೆ ಕಾಯಬೇಕು, ಅಷ್ಟೇ. ಇನ್ನೊಂದು ಬಗೆ, ಡಿಜೆ (ಡಬಲ್ ಜೆ) ಸ್ಟೆಂಟ್ ಆದರೆ ಕಿಡ್ನಿಯಿಂದ ಮೂತ್ರಚೀಲದವರೆಗೆ ಪೂರ್ತಿ ಒಳಗೇ ಇರುತ್ತದೆ. 4–6 ವಾರದ ನಂತರ ತೆಗೆಯಲು ಸಾಮಾನ್ಯವಾಗಿ ಮತ್ತೆ ಅರಿವಳಿಕೆ ಬೇಕು. ತುಂಬಾ ತಡಮಾಡಿದರೆ ಅದರ ಮೇಲೆ ಕಲ್ಲು ಕಟ್ಟಬಹುದು.

ಜ್ವರ ಬಂದರೆ ಮಾತ್ರ ಸುಮ್ನೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.