ಹೀದರ್ ಬಯಲಿನ ಆ ಉದ್ದ ಪಟ್ಟಿಗಳು

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಪಕ್ಕದ ಸ್ಟ್ರಾಬ್ರೆಖ್ಟ್ಸೆ ಹೈಡೆ, ಅಂದರೆ ಹೀದರ್ ಅನ್ನುವ ಕುರುಚಲು ಹೂಗಿಡದ ಬಯಲು. ನೆಲದ ಏರುತಗ್ಗು ತೋರಿಸುವ ನಕ್ಷೆಯಲ್ಲಿ ಅಲ್ಲಿ ಕಂಡ ತಗ್ಗು ಪಟ್ಟಿಗಳು ಹಳೆಯ ಕಾಲದವೇ ಅಂತ ಕೇಳಿದ್ದೀರಿ. ಅದೇ ಬಯಲಿನಲ್ಲಿ ಅಂಥ ಪಟ್ಟಿಗಳ ಹಿಂದೆ ನಾನು ಒಂದಿಡೀ ಚಳಿಗಾಲ ಅಲೆದಿದ್ದೇನೆ.

ನನ್ನದು ಶಿರಸಿ ಕಡೆ. ಸೊಪ್ಪಿನಬೆಟ್ಟದ ಸೊಪ್ಪು, ದರಕು (ಒಣಎಲೆ) ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ಅಡಿಕೆ ತೋಟಕ್ಕೆ ಹೊರುವುದನ್ನು ನೋಡಿ ಬೆಳೆದವನು. ಇಲ್ಲಿನ ಮರಳುನೆಲದ ಹಳ್ಳಿಗಳಲ್ಲೂ ಅದೇ ಲೆಕ್ಕ ನಡೆದಿತ್ತು. ಹೀದರ್ ಗಿಡವನ್ನು ಬೇರು, ಮಣ್ಣಿನ ಸಮೇತ ಕೆತ್ತಿ, ಕುರಿ ದನಗಳ ಕಾಲಡಿ ಹಾಸಿ, ಸಗಣಿ ಬೆರೆತದ್ದನ್ನು ಹೊಲಕ್ಕೆ ಸುರಿಯುತ್ತಿದ್ದರು. ಆ ಹೆಂಟೆಗೆ ಪ್ಲಾಗನ್ ಅನ್ನುತ್ತಾರೆ. ಇದನ್ನು ತಿಳಿದ ದಿನ ಊರಿಗೆ ಹೋಗಿಬಂದಷ್ಟು ಖುಷಿಯಾಯಿತು. ಆ ಖುಷಿಯೇ ನನ್ನ ದಾರಿ ತಪ್ಪಿಸಿತು.

ಸರ್ಕಾರದ ಉಚಿತ ಎತ್ತರದ ನಕ್ಷೆ ಎಎಚ್‌ಎನ್ ತೆರೆದು, ಕಂಡ ಪಟ್ಟಿಗಳನ್ನೆಲ್ಲ 'ಹಳೆಯ ಪ್ಲಾಗನ್ ಗುಂಡಿ' ಅಂತ ಗುರುತು ಹಾಕಿದೆ. ಸ್ಥಳೀಯ ಇತಿಹಾಸಾಸಕ್ತರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗುಂಪಿನಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ಇದು ನಾವೇ ಯಂತ್ರದಲ್ಲಿ ಕೆತ್ತಿಸಿದ್ದು." ಗಾಳಿಯಿಂದ ಇಳಿಯುವ ಸಾರಜನಕ ಹೆಚ್ಚಾದರೆ ಹೀದರನ್ನು ಹುಲ್ಲು ನುಂಗುತ್ತದೆ. ಆಗ ಹೀದರ್ ಮತ್ತೆ ಬರಲೆಂದು ಸಂರಕ್ಷಣೆಯವರೇ ಮೇಲ್ಮಣ್ಣು ತೆಗೆಸುತ್ತಾರೆ. ನನ್ನ ನಕ್ಷೆ ಆ ಇತಿಹಾಸಾಸಕ್ತರ ಕಿರುಹೊತ್ತಗೆಯಿಂದ ಹೊರಬಿತ್ತು. ಆಮೇಲೆ ನನ್ನ ಮಾತನ್ನು ಯಾರೂ ಪರೀಕ್ಷಿಸದೆ ಒಪ್ಪಲಿಲ್ಲ.

ತಪ್ಪು ಎಲ್ಲಿ ಅಂದರೆ, ನಕ್ಷೆ ಎತ್ತರ ಹೇಳುತ್ತದೆ, ವಯಸ್ಸು ಹೇಳುವುದಿಲ್ಲ. ತಲೆಮಾರುಗಟ್ಟಲೆ ಗುದ್ದಲಿಯಲ್ಲಿ ಅಲ್ಲಲ್ಲಿ ಕೆತ್ತಿದ ನೆಲಕ್ಕೆ ಅಷ್ಟು ನೇರ ಅಂಚು ಉಳಿಯುವುದಿಲ್ಲ. ನನ್ನ ಪಟ್ಟಿಗಳು ಒಂದೇ ಅಗಲ, ಗೆರೆ ಎಳೆದ ಹಾಗೆ ನೇರ. ಒಳಗಿನ ಹೀದರ್ ಎಲ್ಲವೂ ಒಂದೇ ವಯಸ್ಸಿನದು, ಅಂಚು ದಾಟಿದರೆ ದಟ್ಟ ಹುಲ್ಲು. ಇದನ್ನು ಕಣ್ಣಾರೆ ನೋಡಿದ್ದೆ, ಟಿಪ್ಪಣಿಯಲ್ಲೂ ಬರೆದಿದ್ದೆ! ಬೇಕಾದ ಉತ್ತರ ಮೊದಲೇ ಮನಸ್ಸಿನಲ್ಲಿ ಕೂತಿತ್ತು. ಬೇರೆ ಬೇರೆ ವರ್ಷದ ವೈಮಾನಿಕ ಚಿತ್ರ ಪಕ್ಕಪಕ್ಕ ಇಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ಇನ್ನು, 'ಮನುಷ್ಯ ಮುಟ್ಟದ ಬಯಲು' ಅಂದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ಇಡೀ ಬಯಲೇ ಮನುಷ್ಯನ ಗುರುತು. ಕುರಿ ಮೇಯುವುದು, ಕೆತ್ತುವುದು ನಿಂತರೆ ಬರ್ಚ್, ಪೈನ್ ಎದ್ದು ಕಾಡಾಗುತ್ತದೆ. 19ನೇ ಶತಮಾನದ ಕೊನೆಗೆ ರಾಸಾಯನಿಕ ಗೊಬ್ಬರ ಬಂದ ಮೇಲೆ ಹಳ್ಳಿಗೆ ಹೀದರ್ ಬೇಡವಾಯಿತು. ಇಂಥ ಎಷ್ಟೋ ಬಯಲುಗಳಲ್ಲಿ ಸಾಲು ಪೈನ್ ನೆಟ್ಟರು. ಗಣಿಯೊಳಗೆ ಮಾಡು ಕುಸಿಯದಂತೆ ಕೊಡುವ ಊರುಗಂಬಕ್ಕೆ ಹೋದದ್ದು ಅಂಥ ಮರವೇ.

ಹಳೆಯ ಗುರುತು ಹುಡುಕಲು ಹೋಗುವಾಗ ಮೆಟಲ್ ಡಿಟೆಕ್ಟರ್ ಮನೆಯಲ್ಲೇ ಬಿಡಿ, ಅಗೆಯಲೂಬೇಡಿ. ಹೂವಿನ ಆಗಸ್ಟ್ ಬದಲು ಫೆಬ್ರುವರಿಯ ಇಳಿಬಿಸಿಲಿನಲ್ಲಿ ಹೋಗಿ. ಗಾಡಿಚಕ್ರದ ಹಳೆಯ ಜಾಡು ಇದ್ದರೆ ನೆರಳಿನಲ್ಲಿ ಕಾಣುತ್ತದೆ. ಒಂದು ದಾರಿ ಮರಳಾಗಿ ಕುಸಿದಾಗ ಗಾಡಿ ಪಕ್ಕಕ್ಕೆ ಸರಿಯುತ್ತಿತ್ತು, ಹಾಗಾಗಿ ಜಾಡುಗಳು ಬೀಸಣಿಗೆಯ ಹಾಗೆ ಹರಡಿರುತ್ತವೆ. ಆದರೆ ಮೊದಲು ಬಯಲಿಗಲ್ಲ, ಹಳ್ಳಿಯ ಹಳೆಯ ಹೊಲಗಳಿಗೆ ಹೋಗಿ, ರಸ್ತೆ ಬದಿಯಲ್ಲಿ ನಿಂತು ನೋಡಿ. ಹೊಲ ರಸ್ತೆಗಿಂತ ಉಬ್ಬಿ ನಿಂತಿರುತ್ತದೆ. ಅಲ್ಲಿನ ಕಪ್ಪು ಮಣ್ಣು ಅರ್ಧ ಮೀಟರಿಗೂ ದಪ್ಪ. ಅದು ಬಯಲಿನಿಂದ ಹೆಂಟೆ ಹೆಂಟೆಯಾಗಿ, ಕೊಟ್ಟಿಗೆ ದಾಟಿ ಬಂದದ್ದು.