ಲೈಸೆನ್ಸ್ ಬಂತು, ಘಾಟಿ ಇಳಿಯುವುದು ಯಾವಾಗ?

ಪ್ರಶ್ನೆ: ಮಗಳಿಗೆ ಈಗಷ್ಟೇ ಕಾರಿನ ಲೈಸೆನ್ಸ್ ಸಿಕ್ಕಿದೆ. ಕೆಲಸ ಸುಳ್ಯದಲ್ಲಿ, ದಿನಾ ಸಂಪಾಜೆ ಘಾಟಿ ಇಳಿದು ಹತ್ತಬೇಕು. ಜಾರುವ ರಸ್ತೆಯಲ್ಲಿ ಗಾಡಿ ಹಿಡಿತಕ್ಕೆ ತರುವುದನ್ನು ಕಲಿಸುವ ಎರಡು ದಿನದ ಕೋರ್ಸ್ ಇದೆಯಂತೆ. ಸೇರಿಸಲೇ? – ಒಬ್ಬ ತಂದೆ, ಮಡಿಕೇರಿ

ಉತ್ತರ: ಬೇಡ. ಆ ದುಡ್ಡಿಗೆ ಪೆಟ್ರೋಲ್ ಹಾಕಿಸಿ, ನೀವೇ ಪಕ್ಕದಲ್ಲಿ ಕೂತುಕೊಳ್ಳಿ.

ನಾರ್ವೆಯಲ್ಲಿ ಹೊಸ ಚಾಲಕರಿಗೆ ಇಂಥದೇ ತರಬೇತಿ ಕಡ್ಡಾಯ ಮಾಡಿ ನೋಡಿದರು. ಹುಡುಗರ ಅಪಘಾತ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಜಾರಿದರೂ ನಾನು ಸಂಭಾಳಿಸುತ್ತೇನೆ ಅನ್ನುವ ಧೈರ್ಯ ಬಂದರೆ ಕಾಲು ಆಕ್ಸಿಲರೇಟರ್ ಮೇಲೇ ಇರುತ್ತದೆ, ಅಲ್ವಾ? ಸ್ವೀಡನ್‌ನವರು 1993ರಲ್ಲಿ ಬೇರೆ ದಾರಿ ಹಿಡಿದರು. 16 ವರ್ಷಕ್ಕೇ ಕಲಿಯಲು ಬಿಟ್ಟರು, ಆದರೆ ಪಕ್ಕದಲ್ಲಿ ಅನುಭವಿಗಳು ಇರಲೇಬೇಕು. ಹಾಗೆ ನೂರು ಗಂಟೆಗೂ ಮೇಲೆ ಓಡಿಸಿದ ಮಕ್ಕಳು ಲೈಸೆನ್ಸ್ ಬಂದ ಮೇಲೆ ಕಡಿಮೆ ಅಪಘಾತ ಮಾಡಿದರು. ನಮ್ಮ ಡ್ರೈವಿಂಗ್ ಸ್ಕೂಲಿನ ನಿಯಮದಲ್ಲಿ ಕಾರಿಗೆ ಇರುವುದು ಕನಿಷ್ಠ 21 ದಿನ, 10 ಗಂಟೆ ಸ್ಟೇರಿಂಗ್. ಅದೂ ಹೆಚ್ಚಾಗಿ ಊರೊಳಗಿನ ಸಮತಟ್ಟಿನಲ್ಲೇ ಮುಗಿದುಹೋಗುತ್ತದೆ.

ಮೊದಲು ಬೆಳಗಿನ ಹೊತ್ತು, ಬಿಸಿಲಿದ್ದಾಗ ಇಳಿಸಿ. ನನಗೆ ಬಸ್ ಓಡಿಸಲು ಕಲಿಸಿದ ಹಿರಿಯರು ಹೇಳುತ್ತಿದ್ದದ್ದು ಒಂದೇ ಮಾತು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇಳಿಜಾರು ಶುರುವಾಗುವ ಮೊದಲೇ ಸೆಕೆಂಡ್ ಗೇರಿಗೆ ಬರಲಿ, ನಡುವೆ ತಡಕಾಡುವುದು ಬೇಡ. ಆಗ ಗಾಡಿಯನ್ನು ಇಂಜಿನ್ನೇ ಹಿಡಿಯುತ್ತದೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದವರ ಕಾರು ಜೋಡುಪಾಲದ ಹತ್ತಿರ ಬರುವಷ್ಟರಲ್ಲಿ ಸುಟ್ಟ ವಾಸನೆ ಹೊಡೆಯುತ್ತದೆ. ಆಮೇಲೆ ಎಷ್ಟು ತುಳಿದರೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿ ಇಳಿಯುವ ಮಹಾಶಯರು ಈಗಲೂ ಇದ್ದಾರೆ! ಇಂಜಿನ್ ನಿಂತರೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ.

ಓಡಿಸುತ್ತಾ ಕಂಡದ್ದನ್ನು ಬಾಯಿಬಿಟ್ಟು ಹೇಳಲು ಹೇಳಿ. "ಎದುರಿಗೆ ಬಸ್, ಎಡಕ್ಕೆ ಚರಂಡಿ, ಮುಂದೆ ತಿರುವು, ಆಚೆ ಕಾಣುತ್ತಿಲ್ಲ." ಅವಳ ಕಣ್ಣು ಎಲ್ಲಿದೆ ಅಂತ ನಿಮಗೆ ಗೊತ್ತಾಗುತ್ತದೆ. ಬಾನೆಟ್ ಮುಂದಿನದ್ದು ಮಾತ್ರ ಹೇಳುತ್ತಿದ್ದರೆ ಇನ್ನೂ ಒಬ್ಬಳೇ ಹೋಗುವ ಕಾಲ ಬಂದಿಲ್ಲ. ಆಮೇಲೆ ಮಳೆ, ಆಮೇಲೆ ರಾತ್ರಿ, ಗೆಳತಿಯರನ್ನು ತುಂಬಿಕೊಂಡು ಹೋಗುವುದು ಕೊನೆಗೆ. ಇನ್ನೊಂದು, ನೀವು ಪಕ್ಕದಲ್ಲಿ ಕೂತು ಕಿರುಚಬಾರದು. ಆಗದಿದ್ದರೆ ಅವಳ ಅಮ್ಮನನ್ನೋ ಮಾವನನ್ನೋ ಕೂರಿಸಿ.

ಪ್ರಶ್ನೆ: ಕಿರಿದಾದ ತೋಟದ ರಸ್ತೆಯಲ್ಲಿ ಎದುರುಬದುರಾದರೆ ಯಾರು ದಾರಿ ಬಿಡಬೇಕು? – ಓದುಗರು, ಸೋಮವಾರಪೇಟೆ

ಉತ್ತರ: ಇಳಿಯುವವರು. ಹತ್ತುವ ಗಾಡಿ ನಿಂತರೆ ಮತ್ತೆ ಎತ್ತುವುದು ಕಷ್ಟ, ಅದಕ್ಕೇ ನಿಯಮ ಅವರ ಪರ. ಕಾಫಿ ಮೂಟೆ ಹೇರಿದ ಪಿಕಪ್ ಎದುರಿಗಿದ್ದರೆ ನಿಯಮ ಹುಡುಕುತ್ತಾ ಕೂರಬೇಡಿ, ಸುಮ್ನೆ ಬದಿಗೆ ಹೋಗಿ.

ಪ್ರಶ್ನೆ: ಮಂಜಿನಲ್ಲಿ ಹೈಬೀಮ್ ಹಾಕಿದರೂ ಏನೂ ಕಾಣುವುದಿಲ್ಲ. – ಓದುಗರು, ಭಾಗಮಂಡಲ

ಉತ್ತರ: ಹಾಕಿದ್ದರಿಂದಲೇ ಕಾಣುವುದಿಲ್ಲ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಹಾಕಿ, ರಸ್ತೆಯ ಎಡ ಅಂಚು ಹಿಡಿದು ನಿಧಾನ ಹೋಗಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸಬೇಡಿ, ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವರಿಗೆ ತಿಳಿಯುವುದಿಲ್ಲ.

ಪ್ರಶ್ನೆ: ಮಗನಿಗೆ 16. ತೋಟದೊಳಗೆ ಜೀಪ್ ಚೆನ್ನಾಗಿ ಓಡಿಸುತ್ತಾನೆ. ಗೋಣಿಕೊಪ್ಪದವರೆಗೆ ಬಿಡಬಹುದಾ? – ಒಬ್ಬ ತಾಯಿ, ಪೊನ್ನಂಪೇಟೆ

ಉತ್ತರ: ಬಿಡಬೇಡಿ ಅಮ್ಮ. ಸಿಕ್ಕಿಬಿದ್ದರೆ ಶಿಕ್ಷೆ ಪೋಷಕರಿಗೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಜೀಪಿನ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತೋಟದಲ್ಲಿ ಕ್ಲಚ್ಚಿನ ಹದ ಕಲಿತಿರುತ್ತಾನೆ, ಅದು ಒಳ್ಳೆಯದೇ. ಆದರೆ ಅಲ್ಲಿ ಎದುರಿನಿಂದ ಬಸ್ ಬರುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ಅಡ್ಡ ಓಡುವುದಿಲ್ಲ. 18 ಆದ ಕೂಡಲೇ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿ. 30 ದಿನ ಕಳೆದರೆ ಟೆಸ್ಟ್ ಕೊಡಬಹುದು, ಎಲ್‌ಎಲ್ ಇರುವುದು ಆರು ತಿಂಗಳು. ಓಡಿಹೋಗಿ ಟೆಸ್ಟ್ ಕೊಡುವುದು ಬೇಡ. ಆ ಆರು ತಿಂಗಳಲ್ಲಿ ಜುಲೈ ಮಳೆಯೂ ಬರುವ ಹಾಗೆ ನೋಡಿಕೊಳ್ಳಿ.