ಮಲೇರಿಯಾ ಮಾತ್ರೆಯೂ ಬೇಕು

ಕೀನ್ಯಾ ಸಫಾರಿಗೆ ಹಳದಿ ಜ್ವರದ ಲಸಿಕೆ ಆಗಿದೆ, ಮಲೇರಿಯಾ ಮಾತ್ರೆಯೂ ಬೇಕಾ ಅಂತ ಕೇಳಿದ್ದೀರಿ. ಬೇಕು. ಆ ಲಸಿಕೆಗೂ ಮಲೇರಿಯಾಕ್ಕೂ ಸಂಬಂಧವೇ ಇಲ್ಲ. ಆ ಲಸಿಕೆಯ ಪ್ರಮಾಣಪತ್ರ, ಅಂದರೆ ಹಳದಿ ಕಾರ್ಡ್ ಮಾತ್ರ ಜೋಪಾನ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೇ ಕೇಳುತ್ತಾರೆ.

ನಮ್ಮಲ್ಲೂ ಮಲೇರಿಯಾ ಇದೆಯಲ್ವಾ, ಮೈಗೆ ಒಗ್ಗಿರುತ್ತೆ ಅನ್ನುವವರ ಮಾತು ನಂಬಬೇಡಿ. ಅಲ್ಲಿ ಜಾಸ್ತಿ ಇರುವುದು ಫಾಲ್ಸಿಪಾರಂ, ಮಿದುಳಿಗೇ ಏರಬಲ್ಲ ಮಲೇರಿಯಾ ಜಾತಿ. ಡಾಕ್ಟರು ಅಟೊವಾಕ್ವೋನ್-ಪ್ರೊಗ್ವಾನಿಲ್ ಮಾತ್ರೆ ಕೊಟ್ಟರೆ ವಾಪಸ್ ಬಂದ ಮೇಲೂ 7 ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಆದರೆ 4 ವಾರ. ಊರು ಸೇರಿದೆವಲ್ಲ ಅಂತ ಸುಮ್ನೆ ನಿಲ್ಲಿಸಿಬಿಡಬೇಡಿ.

ಮಲೇರಿಯಾ ಹರಡುವ ಸೊಳ್ಳೆ ಕಚ್ಚುವುದು ಕತ್ತಲಾದ ಮೇಲೆ. ಸಂಜೆ ಜೀಪಿನಿಂದ ಇಳಿಯುತ್ತಲೇ ತುಂಬು ತೋಳಿನ ಅಂಗಿ, ಕಾಲ್ಚೀಲ ಹಾಕಿಕೊಳ್ಳಿ. ಬಂದು ತಿಂಗಳುಗಳಾದ ಮೇಲೆ ಜ್ವರ ಬಂದರೂ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ಕೀನ್ಯಾಕ್ಕೆ ಹೋಗಿದ್ದು ಮೊದಲೇ ಹೇಳಿ.